ತೈಲ ಬತ್ತುವ ಲೆಕ್ಕ ಮತ್ತು ಅಮೆರಿಕದ ಉಪನಗರ

ಅಮೆರಿಕದ ಉಪನಗರಗಳ ಇತಿಹಾಸವನ್ನು ಇಲ್ಲಿ ವಿಸ್ತರಿಸುವುದಿಲ್ಲ. 1947ರಲ್ಲಿ ನ್ಯೂಯಾರ್ಕ್ ಸಮೀಪ ಲೆವಿಟೌನ್ ಬಡಾವಣೆಯ ಕೆಲಸ ಆರಂಭವಾಯಿತು, 1956ರ ಕಾಯ್ದೆಯು 41,000 ಮೈಲಿಗಳ ಹೆದ್ದಾರಿ ಜಾಲಕ್ಕೆ ದಾರಿ ಮಾಡಿತು, ಮನೆ, ಅಂಗಡಿ, ಕಚೇರಿಗಳನ್ನು ಬೇರೆ ಬೇರೆ ವಲಯಗಳಲ್ಲಿ ಇರಿಸುವ ನಿಯಮಗಳು ಆ ವೇಳೆಗಾಗಲೇ ಬೇರೂರಿದ್ದವು ಎಂಬಷ್ಟು ನೆನಪಿದ್ದರೆ ಸಾಕು. ಕಾರಿಲ್ಲದೆ ಸಾಗದ ಈ ಉಪನಗರದ ಬದುಕಿಗೆ ತೈಲ ಇನ್ನೆಷ್ಟು ವರ್ಷ ಸಾಕಾಗುತ್ತದೆ ಎಂದು ಲೆಕ್ಕ ಹಾಕಹೊರಟಾಗ ನಾನು ಎಡವಿದ್ದು ಒಂದು ಸಣ್ಣ ಭಾಗಾಕಾರದಲ್ಲಿ.

ಜಗತ್ತಿನ ಖಚಿತ ತೈಲ ನಿಕ್ಷೇಪ ಸುಮಾರು 1.7 ಲಕ್ಷ ಕೋಟಿ ಬ್ಯಾರೆಲ್. ಬಳಕೆ ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್, ಅಂದರೆ ವರ್ಷಕ್ಕೆ 3,650 ಕೋಟಿ. ಭಾಗಿಸಿದರೆ 46 ವರ್ಷಗಳಿಗಿಂತ ತುಸು ಹೆಚ್ಚು ಬರುತ್ತದೆ. ಹಾಗಾದರೆ ಉಪನಗರದ ಬದುಕು ಅಷ್ಟು ವರ್ಷ ಈಗಿನಂತೆಯೇ ಸಾಗಿ, ಆಮೇಲೆ ಒಂದು ದಿನ ತಟ್ಟನೆ ನಿಲ್ಲುತ್ತದೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಆದರೆ ತೈಲವು ಕೊನೆಯ ಹನಿಯವರೆಗೂ ಒಂದೇ ವೇಗದಲ್ಲಿ ಸುರಿಯುವ ಕೊಡದ ನೀರಲ್ಲ. ಅದು ಕಲ್ಲಿನ ಸೂಕ್ಷ್ಮ ರಂಧ್ರಗಳಿಂದ ಒತ್ತಡದ ಬಲದಿಂದ ಹೊರಬರುತ್ತದೆ, ಒತ್ತಡ ಇಳಿದಂತೆ ಹರಿವೂ ಇಳಿಯುತ್ತದೆ.

ಶೆಲ್ ಕಂಪನಿಯಲ್ಲಿದ್ದ ಭೂವಿಜ್ಞಾನಿ ಕಿಂಗ್ ಹಬ್ಬರ್ಟ್ 1956ರಲ್ಲಿ ಮುಂದಿಟ್ಟ ಗಂಟೆಯಾಕಾರದ ರೇಖೆಯ ತಿರುಳು ಇದೇ: ಒಟ್ಟು ತೈಲದ ಅರ್ಧ ಮುಗಿದಾಗ ವಾರ್ಷಿಕ ಉತ್ಪಾದನೆ ಶಿಖರ ಮುಟ್ಟುತ್ತದೆ. ಈ ರೇಖೆಗೆ ನನಗೆ ಪ್ರಿಯವಾದ ಒಂದು ಸುಲಭ ಸೂತ್ರವಿದೆ. ಶಿಖರದ ವರ್ಷದ ಉತ್ಪಾದನೆಯು ಒಟ್ಟು ತೈಲವನ್ನು ಉತ್ಪಾದನೆಯ ಆರಂಭದ ವಾರ್ಷಿಕ ಬೆಳವಣಿಗೆ ದರದಿಂದ ಗುಣಿಸಿ ನಾಲ್ಕರಿಂದ ಭಾಗಿಸಿದಷ್ಟು. ಒಟ್ಟು 200 ಪಾಲು, ದರ ಶೇ. 6 ಎಂದುಕೊಂಡರೆ ಶಿಖರದಲ್ಲಿ ವರ್ಷಕ್ಕೆ 3 ಪಾಲು. ಉಳಿದ 100 ಪಾಲನ್ನು 3ರಿಂದ ಭಾಗಿಸಿದರೆ ಸುಮಾರು 33 ವರ್ಷ. ಈಗ ರೇಖೆಯ ಮೇಲೆ ಅಷ್ಟೇ ವರ್ಷ ಮುಂದೆ ನಡೆದು ನೋಡಿ: ನೆಲದಲ್ಲಿ ಇನ್ನೂ ಸುಮಾರು 24 ಪಾಲು ತೈಲವಿದೆ, ಆದರೆ ವಾರ್ಷಿಕ ಉತ್ಪಾದನೆ 1.26 ಪಾಲಿಗೆ, ಅಂದರೆ ಶಿಖರದ ಶೇ. 42ಕ್ಕೆ ಕುಸಿದಿದೆ. ಒಟ್ಟು ತೈಲವನ್ನೂ ದರವನ್ನೂ ಬದಲಿಸಿ ಲೆಕ್ಕ ಹಾಕಿದರೂ ಈ ಶೇ. 42 ಬದಲಾಗುವುದಿಲ್ಲ, ಇದನ್ನು ನಂಬಲು ನನಗೆ ಮೂರು ಸಲ ಲೆಕ್ಕ ಮಾಡಬೇಕಾಯಿತು. ಭಾಗಾಕಾರವು ತೈಲ ಮುಗಿಯುತ್ತದೆಂದು ಹೇಳುವ ವರ್ಷದಲ್ಲಿ ತೈಲ ಮುಗಿದಿರುವುದಿಲ್ಲ, ಆದರೆ ಕೊರತೆ ಅದಕ್ಕೆ ಎಷ್ಟೋ ಮೊದಲೇ ಆರಂಭವಾಗಿರುತ್ತದೆ.

ಉಪನಗರಕ್ಕೆ ಬೇಕಾದದ್ದು ನಿತ್ಯದ ಹರಿವು ಎಂಬುದಕ್ಕೆ 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಮೆರಿಕದ ಮೇಲೆ ಹೇರಿದ ತೈಲ ದಿಗ್ಬಂಧನಕ್ಕಿಂತ ಸ್ಪಷ್ಟ ನಿದರ್ಶನ ಬೇಡ. ನೆಲದೊಳಗಿನ ತೈಲ ಆ ಚಳಿಗಾಲದಲ್ಲಿ ಇದ್ದಲ್ಲೇ ಇತ್ತು. ಆದರೂ ಬ್ಯಾರೆಲ್ ಬೆಲೆ ಸುಮಾರು 3 ಡಾಲರ್‌ನಿಂದ 12 ಡಾಲರ್‌ನ ಆಸುಪಾಸಿಗೆ ಏರಿತು, ಪೆಟ್ರೋಲ್ ಬಂಕ್‌ಗಳ ಮುಂದೆ ಕಾರುಗಳು ಸಾಲುಗಟ್ಟಿದವು. ನಗರದಿಂದ ದೂರ ಹೋದಷ್ಟೂ ಮನೆ ಅಗ್ಗವೆಂದು ಕೊಂಡವರು ಸಾಲದ ಕಂತಿನಲ್ಲಿ ಉಳಿಸಿದ್ದನ್ನು ಪೆಟ್ರೋಲಿಗೆ ಸುರಿಯಬೇಕಾಗುತ್ತದೆ, ಮತ್ತು ಮನೆಯನ್ನು ಎತ್ತಿ ಕಚೇರಿಯ ಹತ್ತಿರ ಇಡಲಾಗುವುದಿಲ್ಲ. ಮನೆಗಳು ವಿರಳವಾಗಿ ಹರಡಿರುವ ಕಡೆ ಬಸ್ಸು ತುಂಬುವುದೂ ಕಷ್ಟ.

ಹಬ್ಬರ್ಟ್ ಹೇಳಿದಂತೆ ಅಮೆರಿಕದ ಉತ್ಪಾದನೆ 1970ರಲ್ಲಿ ದಿನಕ್ಕೆ ಸುಮಾರು 96 ಲಕ್ಷ ಬ್ಯಾರೆಲ್ ಮುಟ್ಟಿ ಇಳಿಯತೊಡಗಿತು, 2008ರ ಹೊತ್ತಿಗೆ 50 ಲಕ್ಷಕ್ಕೆ ಬಂದಿತ್ತು. ಆದರೆ ಶೇಲ್ ಬಂಡೆಯನ್ನು ಒಡೆದು ತೈಲ ತೆಗೆಯುವ ವಿಧಾನದಿಂದ 2018ರಲ್ಲಿ ಹಳೆಯ ದಾಖಲೆಯೇ ಮುರಿಯಿತು. ಒಟ್ಟು ತೈಲವೆಂಬುದು ಬೆಲೆ ಮತ್ತು ತಂತ್ರದೊಂದಿಗೆ ಬದಲಾಗುವ ಸಂಖ್ಯೆ ಎಂಬುದನ್ನು ಸೂತ್ರದ ಉತ್ಸಾಹದಲ್ಲಿ ನಾನು ಮರೆತಿದ್ದೆ. ಆದರೂ ಶೇಲ್ ಬಾವಿಗಳ ಹರಿವು ಮೊದಲೆರಡು ವರ್ಷಗಳಲ್ಲೇ ಕಡಿದಾಗಿ ಇಳಿಯುವುದರಿಂದ ಹೊಸ ಬಾವಿಗಳನ್ನು ಕೊರೆಯುತ್ತಲೇ ಇರಬೇಕು.

ವಿದ್ಯುತ್ ಕಾರು ಇಂಧನವನ್ನು ಬದಲಿಸುತ್ತದೆಯೇ ಹೊರತು ದೂರವನ್ನಲ್ಲ. ಆ ದೂರಕ್ಕೆ ಹಾಸುವ ಡಾಂಬರು ಸಹ ಕಚ್ಚಾ ತೈಲದಿಂದಲೇ ಬರುತ್ತದೆ. ಆದ್ದರಿಂದ ಎಲ್ಲ ಉಪನಗರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ರೈಲು ಮತ್ತು ಟ್ರಾಮ್ ಕಾಲದಲ್ಲಿ ನಿಲ್ದಾಣದ ಸುತ್ತ ಬೆಳೆದ ಹಳೆಯ ಬಡಾವಣೆಗಳಲ್ಲಿ ಅಂಗಡಿಗೆ ನಡೆದು ಹೋಗುವುದು ಇನ್ನೂ ಸಾಧ್ಯವಿದೆ. ಹೆದ್ದಾರಿಯನ್ನೇ ನಂಬಿ ತೀರ ಹೊರವಲಯದಲ್ಲಿ ಎದ್ದ ಬಡಾವಣೆಗಳಿಗೆ ಅಂಥ ಆಯ್ಕೆ ಬೇಕಾದರೆ ಮೊದಲು ವಲಯ ನಿಯಮ ಸಡಿಲಗೊಂಡು, ಮನೆಗಳ ನಡುವೆಯೇ ಅಂಗಡಿ ತೆರೆಯಲು ಅನುಮತಿ ಸಿಗಬೇಕು.