‘ನಮ್ಮ ಮನೆಯಲ್ಲಿ ಯಾರಿಗೂ ಏನೂ ಇಲ್ಲ’

ಶಿರಸಿಯ ಹತ್ತಿರದ ಅಕ್ಕನ ಮನೆಯಲ್ಲಿ ಜಗುಲಿಯಿಂದ ಅಂಗಳಕ್ಕೆ ಮೂರೇ ಮೆಟ್ಟಿಲು. ಏಳು ವರ್ಷದ ಅವಳ ಮಗಳು ಬೆಳಿಗ್ಗೆ ಆ ಮೂರನ್ನೂ ಕಂಬ ಹಿಡಿದು, ಒಂದೊಂದರಲ್ಲೂ ಎರಡು ಪಾದ ಜೋಡಿಸಿ ನಿಂತು ಇಳಿಯುತ್ತಿದ್ದಳು. ಬಚ್ಚಲೊಲೆಯ ಮುಂದೆ ಅರ್ಧ ಗಂಟೆ ಕೂತು ಬಿಸಿನೀರು ಹೊಯ್ದುಕೊಂಡ ಮೇಲೆ ಕಾಲು ಸ್ವಲ್ಪ ಸಡಿಲವಾಗುತ್ತಿತ್ತು. ಹತ್ತು ಗಂಟೆಗೆಲ್ಲ ಅಂಗಳದಲ್ಲಿ ಓಡಾಟ. ಶಾಲೆ ತಪ್ಪಿಸುವ ನೆಪವೆಂದು ನಾವೆಲ್ಲ ಎರಡು ತಿಂಗಳು ಕಳೆದುಬಿಟ್ಟೆವು. ಒಂದು ದಿನ ಅಕ್ಕ ಸ್ನಾನ ಮಾಡಿಸುವಾಗ ಅವಳ ಎರಡೂ ಮಂಡಿಗಳ ಮೇಲೆ ಅಂಗೈ ಇಟ್ಟು ನೋಡಿದಳು. ಬಲಮಂಡಿ ಬಿಸಿಯಾಗಿತ್ತು, ಚಿಪ್ಪಿನ ಇಕ್ಕೆಲದ ತಗ್ಗುಗಳು ತುಂಬಿಕೊಂಡಿದ್ದವು. ಎಡಗಾಲಿನ ಒಂದು ಬೆರಳು ಬುಡದಿಂದ ತುದಿಯವರೆಗೂ ಊದಿತ್ತು.

ಊರಿನ ಕಡೆಯ ವೈದ್ಯರು ಕೇಳಿದ್ದು ‘ಮನೆಯಲ್ಲಿ ಯಾರಿಗಾದರೂ ವಾತ ಇದೆಯೇ?’ ಎಂದು. ಇದೆಯಲ್ಲ, ಅಜ್ಜಿಗೆ ಮಂಡಿನೋವು ಎಂದೆವು. ಘಟ್ಟ ಇಳಿದು ಹೋದ ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ಕೀಲುರೋಗ ತಜ್ಞೆ ‘ವಾತ’ ಎಂಬ ಪದವನ್ನು ಎತ್ತಲೇ ಇಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುವವರು ಇದ್ದಾರೆಯೇ? ತೊನ್ನು? ಸೋರಿಯಾಸಿಸ್? ಚಿಕ್ಕ ವಯಸ್ಸಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುವವರು? ನಲವತ್ತಾಗುವ ಮೊದಲೇ ಬೆಳಗಿನ ಜಾವ ಬೆನ್ನು ಬಿಗಿದು ಎದ್ದು ಕೂರುವವರು? ಭಾವ ತಡಮಾಡದೆ ಹೇಳಿದರು: ‘ನಮ್ಮ ಮನೆಯಲ್ಲಿ ಯಾರಿಗೂ ಏನೂ ಇಲ್ಲ.’ ಅವರ ತಾಯಿ ಹದಿನೈದು ವರ್ಷಗಳಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಭಾವನ ಕಿವಿಯ ಹಿಂದೆ ಬೆಳ್ಳಿಯಂತೆ ಹೊಳೆಯುವ ಪದರು ಕಟ್ಟಿತ್ತು. ಅದನ್ನು ಅವರು ತಲೆಹೊಟ್ಟು ಎನ್ನುತ್ತಿದ್ದರು. ಡಾಕ್ಟರ್ ಮೇಜಿನಾಚೆಯಿಂದ ಎದ್ದು ಬಂದು ಅದನ್ನು ನೋಡಿ, ಚರ್ಮದ ವೈದ್ಯರ ಬಳಿಗೆ ಕಳುಹಿಸಿದರು. ಸೋರಿಯಾಸಿಸ್ ಎಂದು ಖಚಿತವಾಯಿತು.

ಭಾವ ಸುಳ್ಳು ಹೇಳಿರಲಿಲ್ಲ. ಮಗಳ ಮಂಡಿಗೂ ತನ್ನ ಕಿವಿಯ ಹಿಂದಿನ ಹೊಟ್ಟಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಯಾರಿಗಾದರೂ ಅನ್ನಿಸುತ್ತದೆ. ನಮ್ಮಲ್ಲಿ ‘ವಾತ’ ಎಂಬ ಒಂದೇ ಮಾತಿನೊಳಗೆ ಅಜ್ಜಿಯ ಸವೆದ ಮಂಡಿಯೂ ಸೇರುತ್ತದೆ, 2006ರ ಚಿಕುನ್‌ಗುನ್ಯಾ ಬಿಟ್ಟುಹೋದ ಗಂಟುನೋವೂ ಸೇರುತ್ತದೆ. ಇವೆರಡೂ ಆ ತಜ್ಞೆ ಕೇಳಿದ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರುವ ತೊನ್ನು, ಥೈರಾಯ್ಡ್, ಸೋರಿಯಾಸಿಸ್‌ಗಳು ಆ ಮಾತಿನೊಳಗೆ ಇಲ್ಲವೇ ಇಲ್ಲ.

ಇವನ್ನು ಒಂದೇ ದಾರದಲ್ಲಿ ಪೋಣಿಸುವುದು ನಮ್ಮ ರೋಗನಿರೋಧಕ ವ್ಯವಸ್ಥೆ. ಹೊರಗಿನ ಶತ್ರುವನ್ನು ಹೊಡೆಯಬೇಕಾದ ಕಣಗಳು ದಾರಿ ತಪ್ಪಿ ಸ್ವಂತ ದೇಹವನ್ನೇ ಹೊಡೆಯುವುದು ಆಟೋಇಮ್ಯೂನ್ ಕಾಯಿಲೆ. ಬಣ್ಣ ಕೊಡುವ ಕೋಶಗಳ ಮೇಲೆ ಬಿದ್ದರೆ ತೊನ್ನು, ಥೈರಾಯ್ಡ್ ಗ್ರಂಥಿಯ ಮೇಲೆ ಬಿದ್ದರೆ ಹಾಶಿಮೊಟೊ ಕಾಯಿಲೆ, ಕೀಲಿನ ಒಳಪೊರೆಯ ಮೇಲೆ ಬಿದ್ದರೆ ಸಂಧಿವಾತ.

ಶಿರಸಿಯ ಅಡಿಕೆ ವ್ಯಾಪಾರ ಕಂಡವರಿಗೆ ಇದರ ಒಳಗುಟ್ಟು ಬೇಗ ತಿಳಿಯುತ್ತದೆ. ಖರೀದಿದಾರ ಇಡೀ ಚೀಲ ಸುರಿಯುವುದಿಲ್ಲ. ಒಂದು ಹಿಡಿ ಮಾದರಿ ನೋಡಿ ಮಾಲು ಎಂಥದೆಂದು ತೀರ್ಮಾನಿಸುತ್ತಾನೆ. ದೇಹದ ಕೋಶಗಳೂ ಒಳಗಿನ ಪ್ರೋಟೀನುಗಳ ಚೂರುಗಳನ್ನು ಹೊರಮೈಯಲ್ಲಿ ಮಾದರಿಯಂತೆ ಹಿಡಿದು ನಿಲ್ಲುತ್ತವೆ. ಹಿಡಿಯುವ ಆ ‘ಅಂಗೈ’ ಎಚ್‌ಎಲ್‌ಎ ಎಂಬ ಅಣು. ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಬಂದು ಪರೀಕ್ಷಿಸಿ ತಮ್ಮದೋ ಪರರದೋ ಎಂದು ನಿರ್ಧರಿಸುತ್ತವೆ. ಅಂಗೈಯ ಆಕಾರವನ್ನು ಬರೆದಿರುವುದು ಆರನೇ ವರ್ಣತಂತುವಿನಲ್ಲಿ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತದೆ. ಕೆಲವು ಆಕಾರಗಳಿದ್ದವರಲ್ಲಿ ಸ್ವಂತ ಮಾಲೇ ಪರಕೀಯವೆಂದು ತೀರ್ಮಾನವಾಗುವ ಸಂಭವ ಹೆಚ್ಚು. ಎಚ್‌ಎಲ್‌ಎ-ಬಿ27 ಎಂಬ ಆಕಾರಕ್ಕೂ ಬೆನ್ನುಹುರಿಯ ಸುತ್ತಲಿನ ಮೂಳೆಗಳನ್ನು ಬೆಸೆದುಬಿಡುವ ಸಂಧಿವಾತಕ್ಕೂ ನಂಟಿದೆಯೆಂದು 1973ರಲ್ಲೇ ಗೊತ್ತಾಯಿತು. ಈ ಬಗೆಯ ಸಂಧಿವಾತ ಮಕ್ಕಳಲ್ಲಿ ಹಿಮ್ಮಡಿ ನೋವಾಗಿಯೂ ಕಾಣಿಸಿಕೊಳ್ಳಬಹುದು. ಹಿಮ್ಮಡಿ ನೋವೆಂದು ಕುಂಟುವ ಹುಡುಗನ ಸೋದರಮಾವನ ಬೆನ್ನಿನ ಬಗ್ಗೆ ವೈದ್ಯರು ಕೇಳುವುದು ಇದಕ್ಕಾಗಿಯೇ.

ಹಾಗೆಂದು ಕಾಯಿಲೆಯೇ ಆಸ್ತಿಯಂತೆ ಇಳಿದು ಬರುವುದಿಲ್ಲ. ಬರುವುದು ಒಲವು ಮಾತ್ರ. ಒಂದೇ ವಂಶವಾಹಿಗಳಿರುವ ಅವಳಿಗಳಲ್ಲಿ ಒಬ್ಬರಿಗೆ ಮಕ್ಕಳ ಸಂಧಿವಾತ ಬಂದರೂ ಇನ್ನೊಬ್ಬರು ಎಷ್ಟೋ ಬಾರಿ ಆರೋಗ್ಯವಾಗಿಯೇ ಇರುತ್ತಾರೆ. ಈ ಕಾಯಿಲೆ ಸಾವಿರ ಮಕ್ಕಳಲ್ಲಿ ಒಬ್ಬರ ಆಸುಪಾಸಿನಲ್ಲಿ ಕಾಣುತ್ತದೆ. ಒಡಹುಟ್ಟಿದವರಲ್ಲಿ ಸಂಭವ ಹತ್ತು ಪಟ್ಟಿಗೂ ತುಸು ಹೆಚ್ಚಾದರೂ, ನೂರು ತಮ್ಮ-ತಂಗಿಯರಲ್ಲಿ ಸುಮಾರು ತೊಂಬತ್ತೊಂಬತ್ತು ಮಂದಿಗೆ ಏನೂ ಆಗುವುದಿಲ್ಲ. ‘ಇದು ತಾಯಿಯ ಕಡೆಯಿಂದ ಬಂದದ್ದು’ ಎಂದು ಅಡುಗೆಮನೆಯಲ್ಲಿ ಆಡುವ ಮಾತು ಕ್ರೂರವಷ್ಟೇ ಅಲ್ಲ, ವಿಜ್ಞಾನದ ಪ್ರಕಾರ ತಪ್ಪೂ ಹೌದು. ಮನೆಯಲ್ಲಿ ಯಾರಿಗೂ ಏನೂ ಇಲ್ಲವೆಂದು ಮಗುವಿನ ಊತವನ್ನು ತಳ್ಳಿಹಾಕುವುದೂ ಅಷ್ಟೇ ತಪ್ಪು.

ಕುಟುಂಬದ ಚರಿತ್ರೆ ಅಕ್ಕನ ಮಗಳ ವಿಷಯದಲ್ಲಿ ಕಾಯಿಲೆಯ ಹೆಸರನ್ನೇ ಬದಲಿಸಿತು. ಹದಿನಾರು ತುಂಬುವ ಮೊದಲು ಶುರುವಾಗಿ, ಬೇರಾವ ಕಾರಣವೂ ಸಿಗದೆ ಆರು ವಾರ ನಿಲ್ಲುವ ಕೀಲಿನ ಉರಿಯೂತಕ್ಕೆ ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಅಂದರೆ ಕಾರಣ ತಿಳಿಯದ ಮಕ್ಕಳ ಸಂಧಿವಾತ ಎನ್ನುತ್ತಾರೆ. ಅದರಲ್ಲಿ ಏಳು ಬಗೆ. ಮಗುವಿನ ಚರ್ಮದಲ್ಲಿ ಒಂದು ಕಲೆಯೂ ಇಲ್ಲದಿದ್ದರೂ, ಪೂರ್ತಿ ಊದಿದ ಬೆರಳು, ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳು, ತಂದೆ-ತಾಯಿ ಅಥವಾ ಒಡಹುಟ್ಟಿದವರಿಗೆ ಸೋರಿಯಾಸಿಸ್, ಈ ಮೂರರಲ್ಲಿ ಎರಡು ಸಿಕ್ಕರೆ ಅದು ಸೋರಿಯಾಸಿಸ್ ಬಗೆಯ ಸಂಧಿವಾತ. ಅವಳ ಬೆರಳು ಒಂದು, ಭಾವನ ಕಿವಿಯ ಹಿಂದಿನ ಪದರು ಇನ್ನೊಂದು.

ಈಗ ವಾರಕ್ಕೊಮ್ಮೆ ಉರಿಯೂತ ತಗ್ಗಿಸುವ ಮೆಥೊಟ್ರೆಕ್ಸೇಟ್ ಎಂಬ ಔಷಧಿ ಕೊಡುತ್ತಾರೆ. ದಿನವೂ ಅಲ್ಲ, ವಾರಕ್ಕೊಂದೇ ದಿನ. ಕೆಲವು ತಿಂಗಳಿಗೊಮ್ಮೆ ಕಣ್ಣಿನ ಪರೀಕ್ಷೆ. ಈ ಮಕ್ಕಳ ಕಣ್ಣಿನೊಳಗೆ ಉರಿಯೂತ ಕೆಂಪಾಗದೆ, ನೋಯದೆ ಬೆಳೆಯಬಲ್ಲದು. ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಲ್ಲಿ ನೋಡಿದರೆ ಮಾತ್ರ ಕಾಣುತ್ತದೆ. ದೃಷ್ಟಿ ಹೋದ ಮೇಲೆ ಗೊತ್ತಾಗಿ ಪ್ರಯೋಜನವಿಲ್ಲ. ಕಾಲು ಚೆನ್ನಾಗಿದೆಯಲ್ಲ, ಇಷ್ಟು ದೂರ ಬಸ್ಸಿನಲ್ಲಿ ಯಾಕೆ ಹೋಗಬೇಕು ಎಂದು ಈ ಪರೀಕ್ಷೆಯನ್ನು ಯಾರೂ ಬಿಡಬಾರದು.

ಈ ಸಲ ಚೌತಿಗೆ ಎಲ್ಲರೂ ಸೇರಿದ್ದಾಗ ಅಕ್ಕ ಒಂದು ನೋಟ್‌ಬುಕ್ ಹಿಡಿದು ಕೂತಳು. ಎರಡೂ ಕಡೆಯವರನ್ನು ಡಾಕ್ಟರ್ ಕೇಳಿದ ಹಾಗೆಯೇ, ಮಾತ್ರೆಯ ಹೆಸರು ಹಿಡಿದು, ಕಲೆಯ ಜಾಗ ಹಿಡಿದು ಕೇಳಿದಳು. ಅವಳ ಅತ್ತೆ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ತಮ್ಮ ದೊಡ್ಡಕ್ಕನ ಕೈಯ ಬಿಳಿ ಕಲೆಗಳ ಸುದ್ದಿ ತೆಗೆದರು. ಎಣ್ಣೆ ಸಿಡಿದು ಸುಟ್ಟ ಕಲೆಯೆಂದು ಮದುವೆಯ ಸಮಯದಲ್ಲಿ ಹೇಳಿದ್ದರಂತೆ. ಸಾಯುವವರೆಗೂ ಹಾಗೆಯೇ ಹೇಳುತ್ತಿದ್ದರಂತೆ. ‘ಬರೆದುಕೊಳ್ಳಲೇ ಅತ್ತೆ?’ ಎಂದು ಅಕ್ಕ ಕೇಳಿದಳು. ‘ಬರೆದುಕೋ’ ಎಂದರು.