ಪದ್ಮಾಸನ ಬರದಿದ್ರೆ ಏನೀಗ?

ಚಿಕ್ಕಮಗಳೂರಿನಲ್ಲಿ ಯೋಗ ಕಲಿಸುವ ನಮಗೆ ಕಾಫಿ ಕೊಯ್ಲಿನ ದಿನಗಳಲ್ಲಿ ಕೆಲಸ ಕಮ್ಮಿ. ಹಣ್ಣು ಬಿಡಿಸಿ, ಕಣದಲ್ಲಿ ಒಣಗಿಸಿ ಮುಗಿಸುವವರೆಗೆ ತೋಟದವರು ಇತ್ತ ತಲೆ ಹಾಕುವುದಿಲ್ಲ. ಆಮೇಲೆ ಬರುತ್ತಾರೆ, ಬಿಗಿದ ಹೆಗಲು, ಅರೆಬರೆ ನಿದ್ದೆಯ ಜೊತೆ.

ಹಾಗೆ ಬಂದವರೊಬ್ಬರು ಆಲ್ದೂರು ಕಡೆಯ ಬೆಳೆಗಾರರು. ಅರವತ್ತರ ಹತ್ತಿರದ ವಯಸ್ಸು. ಮೊದಲ ದಿನವೇ ಎರಡೂ ಕೈಯಲ್ಲಿ ಪಾದ ಎಳೆದು ತೊಡೆಯ ಮೇಲೆ ಕೂರಿಸಿದರು. ಮಂಡಿ ನೆಲದಿಂದ ಗೇಣು ಮೇಲಿತ್ತು. ಹಲ್ಲು ಕಚ್ಚಿದ್ದರು, ಉಸಿರು ಕಟ್ಟಿತ್ತು. "ಧ್ಯಾನಕ್ಕೆ ಪದ್ಮಾಸನವೇ ಆಗಬೇಕು ಅಲ್ವಾ ಮೇಡಂ?" ಎಂದರು.

ಹಾಗೇನೂ ಇಲ್ಲ. ಪತಂಜಲಿಯ ಯೋಗಸೂತ್ರಗಳು 195, ಕೆಲವು ಪ್ರತಿಗಳಲ್ಲಿ 196. ಆಸನದ ಬಗ್ಗೆ ಇರುವುದು ಮೂರೇ ಮೂರು, ಎರಡನೇ ಪಾದದ, ಅಂದರೆ ಅಧ್ಯಾಯದ, 46ರಿಂದ 48ರವರೆಗೆ. ಒಂದರಲ್ಲೂ ಯಾವ ಆಸನದ ಹೆಸರೂ ಇಲ್ಲ. ಮೊದಲನೆಯದು ಎಲ್ಲರಿಗೂ ಗೊತ್ತು: "ಸ್ಥಿರಸುಖಮಾಸನಮ್." ಅಲುಗಾಡದೆ, ಹಾಯಾಗಿ ಕೂತರೆ ಅದೇ ಆಸನ. ನನಗೆ ಹೆಚ್ಚು ಇಷ್ಟ ಅದರ ಮುಂದಿನದು. ಅಲ್ಲಿ ‘ಪ್ರಯತ್ನಶೈಥಿಲ್ಯ’ ಎಂಬ ಮಾತು ಬರುತ್ತದೆ, ಅಂದರೆ ಪ್ರಯತ್ನವನ್ನೇ ಸಡಿಲ ಬಿಡುವುದು. ಜನ್ಮವಿಡೀ ಮೈಮುರಿದು ದುಡಿದವರಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ ಬಿಡಿ.

ಕಾಲು ಬಿಡಿಸಿ, ನಾಲ್ಕು ಮಡಿಕೆ ಮಾಡಿದ ಜಮಖಾನದ ಮೇಲೆ ಸುಮ್ನೆ ಚಕ್ಕಳಮಕ್ಕಳ ಕೂರಿಸಿದೆ. ಕೂರುವ ಭಾಗ ಎತ್ತರವಾದಾಗ ಸೊಂಟ ಮುಂದಕ್ಕೆ ವಾಲಿ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮಂಡಿಯೂ ಇಳಿಯಿತು. ಆಮೇಲೆ ಉಸಿರು: 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ. ಅದಕ್ಕೇ ಬಿಡುವುದನ್ನು ಉದ್ದ ಮಾಡುವುದು. ಬಿಪಿ ಮಾತ್ರೆ ತಿನ್ನುವವರಾದ್ದರಿಂದ ಉಸಿರು ಹಿಡಿಯುವುದು ಬೇಡ ಎಂದೆ.

ಇವರದು ಊಟ, ನಿದ್ದೆಯಲ್ಲೂ ಇದೇ ಹಟ. ಏಕಾದಶಿಗೆ ದಿನವಿಡೀ ಬರೀ ಕಾಫಿ, ಮರುದಿನ ಎರಡರಷ್ಟು ಊಟ. ಗೀತೆಯ 6ನೇ ಅಧ್ಯಾಯ, 16ನೇ ಶ್ಲೋಕ ಓದಿಸಿದೆ. ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಏನೂ ಉಣ್ಣದವನಿಗೂ ಇಲ್ಲ. ಅತಿಯಾಗಿ ಮಲಗುವವನಿಗೂ, ಎಚ್ಚರವೇ ಇರುವವನಿಗೂ ಇಲ್ಲ. ರಾತ್ರಿ 9ರ ಕಾಫಿ ಬಿಡಿ ಎಂದೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಕಳೆಯುವುದಕ್ಕೇ ಸುಮಾರು 5 ಗಂಟೆ ಬೇಕು. ಕಾಫಿ ಬೆಳೆಗಾರರಿಗೆ ಕಾಫಿ ಕಮ್ಮಿ ಮಾಡಿ ಎನ್ನಲು ಧೈರ್ಯ ಬೇಕು, ಅದೂ ಈ ಊರಲ್ಲಿ!

ಮಾರ್ಚ್‌ನ ಒಂದು ಬೆಳಗ್ಗೆ ಎಲ್ಲರೂ ಕಣ್ಣುಮುಚ್ಚಿ ಕೂತಿದ್ದಾಗ ದೂರದಲ್ಲಿ ಗುಡುಗಿತು. ಇವರು ಒಂದೇ ಕಣ್ಣು ತೆರೆದರು. "ಮೇಡಂ, ಹೂಮಳೆ ಬರೋ ಹಾಗಿದೆ" ಎಂದು ಪಿಸುಗುಟ್ಟಿದರು. ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ ಅದು. ಕಣ್ಣು ಮುಚ್ಚಿ ಎಂದು ಸನ್ನೆ ಮಾಡಿದೆ. ಮುಚ್ಚಿದರು. ಕಿವಿ ಹೆಂಚಿನ ಮೇಲೇ ಇತ್ತು, ಆದರೆ ಹಲ್ಲು ಕಚ್ಚಿರಲಿಲ್ಲ.