ಶನಿವಾರ, ಭಾನುವಾರ ರಜೆ ಇದ್ದ ಮಾತ್ರೆ

ನಮ್ಮಜ್ಜಿಯ ಔಷಧಿ ಡಬ್ಬಿಯಲ್ಲಿ ಒಂದು ಮಾತ್ರೆಗೆ ಮಾತ್ರ ವಾರದ ರಜೆ ಇತ್ತು. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಅರ್ಧ. ಶನಿವಾರ, ಭಾನುವಾರ ಇಲ್ಲ. ಬಿಪಿ ಮಾತ್ರೆಗೆ ರಜೆ ಇರಲಿಲ್ಲ, ಸಕ್ಕರೆ ಕಾಯಿಲೆ ಮಾತ್ರೆಗೂ ಇರಲಿಲ್ಲ. ಇದಕ್ಕೇಕೆ? ಡಾಕ್ಟರು ಚೀಟಿಯಲ್ಲಿ ‘ವಾರಕ್ಕೆ 5 ದಿನ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಆ ಎರಡು ಗೆರೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಾತ್ರೆಯ ಹೆಸರು ಡಿಜಾಕ್ಸಿನ್.

ಅಜ್ಜಿಯ ಕಾಲು ಊದಿಕೊಳ್ಳುತ್ತಿತ್ತು. ಗಿಣ್ಣಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತಿತ್ತು. ಬೆರಳು ತೆಗೆದ ಮೇಲೂ ಸ್ವಲ್ಪ ಹೊತ್ತು ಆ ಗುಳಿ ಹಾಗೇ ಇರುತ್ತಿತ್ತು. ರಾತ್ರಿ ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುತ್ತಿತ್ತು, ಮೂರು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ಈ ಲಕ್ಷಣಗಳನ್ನು 250 ವರ್ಷದ ಹಿಂದಿನ ಇಂಗ್ಲೆಂಡಿನ ಡಾಕ್ಟರೊಬ್ಬನಿಗೆ ಹೇಳಿದ್ದರೆ ತಕ್ಷಣ ‘ಡ್ರಾಪ್ಸಿ’ ಅನ್ನುತ್ತಿದ್ದ. ಮೈಯಲ್ಲಿ ನೀರು ತುಂಬುವ ಕಾಯಿಲೆ. ವಯಸ್ಸಾದವರನ್ನು ಜಾಸ್ತಿ ಹಿಡಿಯುತ್ತಿದ್ದ, ಬಂದರೆ ಸುಲಭವಾಗಿ ಬಿಡದ ಕಾಯಿಲೆ. ಆಗ ಇದ್ದ ಚಿಕಿತ್ಸೆಯಾದರೂ ಏನು? ರಕ್ತ ತೆಗೆಯುವುದು, ಭೇದಿಗೆ ಕೊಡುವುದು, ಹೊಟ್ಟೆಗೆ ಚೂಪಾದ ಕೊಳವೆ ಚುಚ್ಚಿ ನೀರು ಬಸಿಯುವುದು. ಬಸಿದ ನೀರು ಮತ್ತೆ ತುಂಬಿಕೊಳ್ಳುತ್ತಿತ್ತು.

ವಿಲಿಯಂ ವಿದರಿಂಗ್ ಅಂಥ ಡಾಕ್ಟರುಗಳಲ್ಲಿ ಒಬ್ಬ. 1741ರಲ್ಲಿ ಶ್ರಾಪ್‌ಶೈರ್ ಸೀಮೆಯ ವೆಲಿಂಗ್ಟನ್ ಎಂಬ ಊರಲ್ಲಿ ಹುಟ್ಟಿದ. ಅಪ್ಪನೂ ಔಷಧಿ ಕೊಡುತ್ತಿದ್ದವನೇ. ಎಡಿನ್‌ಬರೋದಲ್ಲಿ ಓದಿ 1766ರಲ್ಲಿ ಡಾಕ್ಟರಾದ. ಮರುವರ್ಷ ಸ್ಟ್ಯಾಫರ್ಡ್ ಎಂಬ ಸಣ್ಣ ಊರಲ್ಲಿ ಕೆಲಸ ಶುರು ಮಾಡಿದ. ಅಲ್ಲಿ ಅವನ ಹತ್ತಿರ ಚಿಕಿತ್ಸೆಗೆ ಬಂದವರಲ್ಲಿ ಹೆಲೆನಾ ಕುಕ್ಸ್ ಒಬ್ಬಳು. ಅವಳಿಗೆ ಗಿಡ, ಹೂಗಳ ಚಿತ್ರ ಬರೆಯುವ ಹವ್ಯಾಸ. ಅವಳು ಬರೆಯಲಿ ಅಂತ ಇವನು ಗಿಡಗಳನ್ನು ಹುಡುಕಿ ತರತೊಡಗಿದ. 1772ರಲ್ಲಿ ಇಬ್ಬರ ಮದುವೆಯಾಯಿತು. ಆ ಗಿಡಗಳ ಪರಿಚಯವೇ ಮುಂದೆ ಕೆಲಸಕ್ಕೆ ಬಂತು ಅನ್ನುವುದು ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ.

1775ರಲ್ಲಿ ಯಾರೋ ಅವನ ಹತ್ತಿರ ಒಂದು ಮನೆಮದ್ದಿನ ವಿವರ ತಂದು ಅಭಿಪ್ರಾಯ ಕೇಳಿದರು. ಶ್ರಾಪ್‌ಶೈರಿನ ಒಬ್ಬ ಮುದುಕಿ ಬಹಳ ಕಾಲ ಗುಟ್ಟಾಗಿ ಇಟ್ಟುಕೊಂಡಿದ್ದ ಮದ್ದು ಅದು. ದೊಡ್ಡ ಡಾಕ್ಟರುಗಳು ಕೈಬಿಟ್ಟ ಡ್ರಾಪ್ಸಿ ರೋಗಿಗಳು ಕೆಲವರು ಅದರಿಂದ ಚೇತರಿಸಿಕೊಂಡಿದ್ದರು. ಮದ್ದು ಕುಡಿದರೆ ಜೋರು ವಾಂತಿ, ಭೇದಿ. ಅದರಲ್ಲಿ 20ಕ್ಕೂ ಹೆಚ್ಚು ಸೊಪ್ಪುಗಳಿದ್ದವು. ಆದರೆ ಗಿಡ ಬಲ್ಲವನಿಗೆ ಕೆಲಸ ಮಾಡುವ ಸೊಪ್ಪು ಯಾವುದೆಂದು ಹೇಳುವುದು ಕಷ್ಟವಾಗಲಿಲ್ಲ. ಫಾಕ್ಸ್‌ಗ್ಲೋವ್. ಬೇಲಿ ಬದಿಯಲ್ಲಿ ಎದ್ದು ನಿಲ್ಲುವ, ಬೆರಳಿಗೆ ಟೋಪಿ ಹಾಕಿದಂಥ ನೇರಳೆ ಹೂವಿನ ಗಿಡ. ಬೆರಳಿಗೆ ಲ್ಯಾಟಿನ್‌ನಲ್ಲಿ ‘ಡಿಜಿಟಸ್’. ಗಿಡದ ಶಾಸ್ತ್ರೀಯ ಹೆಸರು ಡಿಜಿಟಾಲಿಸ್ ಬಂದದ್ದು ಅಲ್ಲಿಂದ. ಅಜ್ಜಿಯ ಡಿಜಾಕ್ಸಿನ್ ಕೂಡ ಇದೇ ಜಾತಿಯ ಗಿಡದಿಂದ ಬಂದದ್ದು.

ಆ ಮುದುಕಿಯ ಹೆಸರನ್ನು ವಿದರಿಂಗ್ ಬರೆದಿಡಲಿಲ್ಲ. ಆಮೇಲಿನವರು ಅವಳಿಗೊಂದು ಹೆಸರು ಕಟ್ಟಿ, ಅವಳು ಇವನಿಗೆ ಸೊಪ್ಪು ಕೊಡುವ ಚಿತ್ರವನ್ನೂ ಬರೆಸಿದರು. ಅದಕ್ಕೆ ಆಧಾರವಿಲ್ಲ. ಯಾರದೋ ಅಜ್ಜಿಯಾಗಿದ್ದಿರಬಹುದಾದ ಆ ಹೆಂಗಸಿನ ನಿಜವಾದ ಹೆಸರು ಉಳಿಯಲಿಲ್ಲವಲ್ಲ ಅಂತ ನನಗೆ ಪ್ರತಿಸಲವೂ ಬೇಜಾರಾಗುತ್ತದೆ.

ಅದೇ ವರ್ಷ ವಿದರಿಂಗ್ ಬರ್ಮಿಂಗ್‌ಹ್ಯಾಮಿಗೆ ಬಂದ. ಅಲ್ಲಿ ಅವನಿಗಿಂತ ಮೊದಲಿದ್ದ ಡಾಕ್ಟರ್ ಸ್ಮಾಲ್ ದಿನಕ್ಕೆ ಒಂದು ಗಂಟೆ ಬಡವರನ್ನು ನೋಡುವ ಪದ್ಧತಿ ಇಟ್ಟುಕೊಂಡಿದ್ದ. ಊರಿಗೆ ಆಸ್ಪತ್ರೆ ಬರುವವರೆಗೆ ವಿದರಿಂಗ್ ಅದನ್ನು ಮುಂದುವರಿಸಿದ. ಹಾಗೆ ಬರುತ್ತಿದ್ದವರು ವರ್ಷಕ್ಕೆ 2,000ದಿಂದ 3,000 ಜನ.

ಡಿಸೆಂಬರ್ 8ರಂದು ಒಬ್ಬ ಬಂದ. 50ರ ಆಸುಪಾಸು. ಮೊದಲು ಮನೆ ಕಟ್ಟಿಸುವ ಕೆಲಸ ಮಾಡಿದ್ದವನು, ಈಗ ಕೈ ಖಾಲಿ. ಏದುಸಿರು, ಬತ್ತಿದ ಮುಖ, ಉಬ್ಬಿದ ಹೊಟ್ಟೆ. ಹೊಟ್ಟೆ ಮುಟ್ಟಿದರೆ ಒಳಗೆ ನೀರು ತುಳುಕುವುದು ಕೈಗೆ ಗೊತ್ತಾಗುತ್ತಿತ್ತು. ಉಚ್ಚೆ ತೀರಾ ಕಡಿಮೆ. ವಿದರಿಂಗ್ ಫಾಕ್ಸ್‌ಗ್ಲೋವ್‌ನ ಹಸಿ ಎಲೆಯ ಕಷಾಯ ಕೊಟ್ಟ. ಆ ಮನುಷ್ಯನಿಗೆ ಹಲವು ದಿನ ಬಿಟ್ಟು ಬಿಟ್ಟು ಹೊಟ್ಟೆ ತೊಳಸಿತು. ಆ ದಿನಗಳಲ್ಲೇ ಉಚ್ಚೆ ಧಾರಾಳವಾಗಿ ಹೋಯಿತು. ಉಸಿರು ಸಲೀಸಾಯಿತು, ಹೊಟ್ಟೆ ಇಳಿಯಿತು. ಸುಮಾರು 10 ದಿನಕ್ಕೆ ಹಸಿವಾಗಿ ಊಟ ಮಾಡತೊಡಗಿದ.

ನೋಡಿ, ಇಲ್ಲಿಗೆ ನಿಲ್ಲಿಸಿದ್ದರೆ ಇದು ಇನ್ನೊಂದು ಪವಾಡದ ಕಥೆಯಾಗುತ್ತಿತ್ತು. ಆದರೆ ಆ ಹೊಟ್ಟೆತೊಳಸು ವಿದರಿಂಗ್‌ನನ್ನು ಕಾಡಿತು. ಆಗ ನೀರು ಇಳಿಸಲು ಸ್ಕ್ವಿಲ್ ಎಂಬ ಗೆಡ್ಡೆ ಕೊಡುತ್ತಿದ್ದರು, ನಮ್ಮ ಕಾಡೀರುಳ್ಳಿಯ ನಂಟಿನದು. ವಾಕರಿಕೆ ಬರುವಷ್ಟು ಕೊಟ್ಟರೇ ಅದು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಫಾಕ್ಸ್‌ಗ್ಲೋವ್ ಕೂಡ ಹಾಗೇ ಇರಬೇಕು ಅಂದುಕೊಂಡು, ತಾನು ಮೊದಮೊದಲು ಬಹಳ ಜಾಸ್ತಿ ಕೊಟ್ಟೆ, ಬಹಳ ದಿನ ಕೊಟ್ಟೆ ಅಂತ ಅವನೇ ಬರೆದಿದ್ದಾನೆ. ಆ ತಪ್ಪನ್ನು ತಿದ್ದಿಕೊಳ್ಳಲು ವರ್ಷಗಳೇ ಹಿಡಿದವು. ನಡುವೆ ಇನ್ನೊಂದು ಸುದ್ದಿ ಬಂತು. ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜಿನ ಮುಖ್ಯಸ್ಥ ಕಾಲೀ ಎಂಬುವರಿಗೆ ಎದೆಯಲ್ಲಿ ನೀರು ತುಂಬಿತ್ತು. ಹೆಸರಾಂತ ಡಾಕ್ಟರುಗಳು ಇನ್ನು ಆಗದು ಅಂದ ಮೇಲೆ ಫಾಕ್ಸ್‌ಗ್ಲೋವ್ ಬೇರಿನಿಂದ ಅವರು ಗುಣವಾಗಿದ್ದರು. ವಿದರಿಂಗ್‌ಗೆ ಉತ್ಸಾಹ ಬಂತು, ಆದರೆ ಬೇರಿನ ಹಿಂದೆ ಹೋಗಲಿಲ್ಲ.

ಯಾಕೆ ಅಂದರೆ ಇದು ಎರಡು ವರ್ಷ ಬದುಕುವ ಗಿಡ. ಮೊದಲ ವರ್ಷ ಬರೀ ಎಲೆ, ಎರಡನೇ ವರ್ಷ ಹೂ, ಬೀಜ, ಆಮೇಲೆ ಸಾವು. ಅಂಥ ಗಿಡದ ಬೇರಿನ ಸತ್ವ ನಂಬುವ ಹಾಗಿಲ್ಲ ಅನ್ನುವುದು ಅವನ ಲೆಕ್ಕ. ಎಲೆಯ ಸತ್ವವೂ ಕಾಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಹಾಗಾದರೆ ಹೂ ಬಿಡುವ ಹೊತ್ತಿಗೇ ಎಲೆ ಕೀಳಬೇಕು. ತೊಟ್ಟು, ನಡುದಂಟು ತೆಗೆದುಹಾಕಬೇಕು. ಬಿಸಿಲಲ್ಲೋ ಬೆಂಕಿಯ ಮುಂದೆ ತಟ್ಟೆಯಲ್ಲೋ ಒಣಗಿಸಿ ಪುಡಿ ಮಾಡಬೇಕು. ದೊಡ್ಡವರಿಗೆ 1ರಿಂದ 3 ಗ್ರೇನ್, ದಿನಕ್ಕೆ ಎರಡು ಸಲ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ, ಒಂದು ಚಿಟಿಕೆಯೂ ಇಲ್ಲ. ಉಚ್ಚೆ, ಹೊಟ್ಟೆ, ನಾಡಿ, ಕರುಳು, ಈ ನಾಲ್ಕರಲ್ಲಿ ಯಾವುದರ ಮೇಲಾದರೂ ಪರಿಣಾಮ ಕಂಡ ತಕ್ಷಣ ಮದ್ದು ನಿಲ್ಲಿಸಬೇಕು.

ಮದ್ದು ಮೀರಿದರೆ ಏನಾಗುತ್ತದೆ ಅನ್ನುವುದನ್ನೂ ಅವನು ಬರೆದ. ವಾಕರಿಕೆ, ವಾಂತಿ, ತಲೆಸುತ್ತು. ಕಣ್ಣು ಮಂಜಾಗಿ ಎಲ್ಲವೂ ಹಳದಿಯಾಗಿಯೋ ಹಸಿರಾಗಿಯೋ ಕಾಣುವುದು. ನಾಡಿ ನಿಮಿಷಕ್ಕೆ 35ಕ್ಕೆ ಇಳಿಯುವುದು. ಕೊನೆಗೆ ಸಾವು. ಆ ಕಾಲದಲ್ಲಿ ಸ್ಟೆತಾಸ್ಕೋಪ್ ಇರಲಿಲ್ಲ, ಅದು ಬಂದದ್ದು 1816ರಲ್ಲಿ. ಇಸಿಜಿಯಂತೂ ಇನ್ನೂ ದೂರ. ಇದ್ದದ್ದು ಬೆರಳು, ಗಡಿಯಾರ, ರೋಗಿಯ ಮುಖ. ಅಷ್ಟರಿಂದಲೇ ಅವನು ಕಂಡುಕೊಂಡ ಸಂಗತಿಗಳನ್ನು ಇವತ್ತಿನ ಪಠ್ಯಪುಸ್ತಕದಲ್ಲೂ ಓದಬಹುದು.

1785ರಲ್ಲಿ ಅವನ ಪುಸ್ತಕ ಬಂತು. 10 ವರ್ಷದ ಅನುಭವ, 150ಕ್ಕೂ ಜಾಸ್ತಿ ರೋಗಿಗಳ ವಿವರ. ಗುಣವಾದವರನ್ನಷ್ಟೇ ಆರಿಸಿ ಬರೆದಿದ್ದರೆ ಮದ್ದಿಗೂ ಅವನಿಗೂ ಒಳ್ಳೆ ಹೆಸರು ಬರುತ್ತಿತ್ತು, ಅದು ಅವನಿಗೂ ಗೊತ್ತಿತ್ತು. ಆದರೆ ಸತ್ಯಕ್ಕೂ ವಿಜ್ಞಾನಕ್ಕೂ ಅದು ಒಪ್ಪುವ ಕೆಲಸವಲ್ಲ ಅಂತ ಹೇಳಿ, ತಾನು ಈ ಮದ್ದು ಕೊಟ್ಟ ಪ್ರತಿಯೊಬ್ಬರನ್ನೂ ಲೆಕ್ಕಕ್ಕೆ ತಂದ. ಕೊಟ್ಟದ್ದು ಸರಿಯಿರಲಿ ತಪ್ಪಿರಲಿ, ರೋಗಿ ಉಳಿದಿರಲಿ ಸತ್ತಿರಲಿ. ಇವತ್ತೂ ಎಷ್ಟೋ ಮದ್ದುಗಳ ಬಗ್ಗೆ ನಮಗೆ ಕೇಳಿಸುವುದು ವಾಸಿಯಾದವರ ಕಥೆ ಮಾತ್ರ ಅಲ್ವಾ? ಗಿಡ ಮುದುಕಿಗೆ ಮೊದಲೇ ಗೊತ್ತಿತ್ತು. ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು, ಯಾರಿಗೆ ಕೊಡಬಾರದು ಅನ್ನುವುದನ್ನು ಎಲ್ಲರ ಕೈಗೆ ಸಿಗುವ ಹಾಗೆ ಬರೆದುಕೊಟ್ಟವನು ವಿದರಿಂಗ್. ನನ್ನ ಪ್ರಕಾರ ಅವನ ದೊಡ್ಡತನ ಇರುವುದು ಇಲ್ಲಿ.

ಒಂದು ವಿಷಯ ಮಾತ್ರ ಅವನಿಗೆ ಪೂರ್ತಿ ಸಿಗಲಿಲ್ಲ. ಇದು ಉಚ್ಚೆ ಮಾಡಿಸುವ ಮದ್ದು ಅಂತಲೇ ಅವನು ನೋಡಿದ. ಹೃದಯದ ಬಡಿತದ ಮೇಲೆ ಬೇರೆ ಯಾವ ಔಷಧಿಗೂ ಕಾಣದಷ್ಟು ಹಿಡಿತ ಇದಕ್ಕಿದೆ ಅಂತಲೂ ಬರೆದ, ಆದರೆ ಆ ಎಳೆ ಹಿಡಿದು ಮುಂದೆ ಹೋಗಲು ಆಗಿನ ತಿಳಿವಳಿಕೆ ಸಾಲದು. ಈಗ ಗೊತ್ತಿರುವುದು ಇಷ್ಟು. ಹೃದಯ ಸೋತಾಗ ರಕ್ತ ಹಿಂದೆ ನಿಲ್ಲುತ್ತದೆ, ನೀರು ಜಿನುಗಿ ಕಾಲಿಗೆ, ಹೊಟ್ಟೆಗೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂತ್ರಪಿಂಡಕ್ಕೆ ರಕ್ತ ಸಾಲದೆ ಉಚ್ಚೆ ಕಡಿಮೆಯಾಗುತ್ತದೆ.

ಹೃದಯದ ಪ್ರತಿ ಜೀವಕೋಶದ ಗೋಡೆಯಲ್ಲೂ ಸಣ್ಣ ಪಂಪುಗಳಿವೆ. ಒಂದೊಂದು ಸಲಕ್ಕೆ 3 ಸೋಡಿಯಂ ಕಣ ಹೊರಗೆ ಹಾಕಿ 2 ಪೊಟ್ಯಾಶಿಯಂ ಕಣ ಒಳಗೆ ತರುತ್ತವೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಈ ಪಂಪಿನ ಬಗ್ಗೆ ಬರೆದ, 1997ರಲ್ಲಿ ಅದಕ್ಕೆ ನೊಬೆಲ್ ಬಂತು. ಡಿಜಾಕ್ಸಿನ್ ಹೋಗಿ ಕೂರುವುದು ಇದೇ ಪಂಪಿನ ಮೇಲೆ. ಪಂಪು ನಿಧಾನವಾದರೆ ಸೋಡಿಯಂ ಒಳಗೇ ಉಳಿಯುತ್ತದೆ. ಆಗ ಕ್ಯಾಲ್ಸಿಯಂ ಹೊರಹೋಗುವ ದಾರಿಯೂ ಕಟ್ಟಿಕೊಳ್ಳುತ್ತದೆ. ಸ್ನಾಯು ಹಿಂಡಲು ಬೇಕಾದದ್ದೇ ಕ್ಯಾಲ್ಸಿಯಂ, ಹಾಗಾಗಿ ಹೃದಯ ಗಟ್ಟಿಯಾಗಿ ಹಿಂಡುತ್ತದೆ. ಜೊತೆಗೆ ಬಡಿತದ ವೇಗವೂ ತಗ್ಗುತ್ತದೆ. ಪಂಪು ತೀರಾ ನಿಂತರೆ ಬಡಿತದ ಲಯವೇ ಕೆಡುತ್ತದೆ. ಮದ್ದಾಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಜಾಗ ತುಂಬಾ ಕಮ್ಮಿ.

ಇದೇ ಜಾತಿಯ ವಿಷ ನಮ್ಮ ಮನೆ ಮುಂದೆಯೂ ಇದೆ. ಪೂಜೆಗೆ ಬಿಡಿಸುವ ಕಣಗಿಲೆ, ಹಳದಿ ಕಣಗಿಲೆ ಎರಡರಲ್ಲೂ ಇದೇ ಪಂಪನ್ನು ಹಿಡಿದು ನಿಲ್ಲಿಸುವ ಪದಾರ್ಥಗಳಿವೆ. ಕಣಗಿಲೆ ಸೊಪ್ಪು ತಿಂದು ದನ ಸತ್ತದ್ದನ್ನು ಹಳ್ಳಿಯಲ್ಲಿ ಬೆಳೆದವರು ಕೇಳಿಯೇ ಇರುತ್ತಾರೆ. ಡಿಜಾಕ್ಸಿನ್ ವಿಷವೇರಿದಾಗ ಕೊಡಲು ಕುರಿಯ ರಕ್ತದಿಂದ ತಯಾರಿಸಿದ ಪ್ರತಿವಿಷ ಇದೆ. ಶ್ರೀಲಂಕಾದಲ್ಲಿ ಕೆಲಸ ಮಾಡುತ್ತಿದ್ದ ಡಾಕ್ಟರುಗಳು ಅದು ಹಳದಿ ಕಣಗಿಲೆಯ ವಿಷಕ್ಕೂ ಕೆಲಸ ಮಾಡುತ್ತದೆಂದು ತೋರಿಸಿದರು. ದಯವಿಟ್ಟು ಯಾರೂ ಈ ಗಿಡಗಳನ್ನು ಮನೆಮದ್ದು ಮಾಡಲು ಹೋಗಬೇಡಿ.

ಎಲೆಯ ಪುಡಿಯ ಕಾಲ ಮುಗಿಯತೊಡಗಿದ್ದು 1930ರಲ್ಲಿ. ಸಿಡ್ನಿ ಸ್ಮಿತ್ ಎಂಬ ರಸಾಯನ ವಿಜ್ಞಾನಿ ಫಾಕ್ಸ್‌ಗ್ಲೋವ್‌ನ ಸೋದರ ಗಿಡ ಡಿಜಿಟಾಲಿಸ್ ಲನಾಟಾದಿಂದ ಡಿಜಾಕ್ಸಿನ್ ಬೇರ್ಪಡಿಸಿದ. ಈಗಿನ ಒಂದು ಮಾತ್ರೆಯಲ್ಲಿ ಸಾಮಾನ್ಯವಾಗಿ 0.25 ಮಿಲಿಗ್ರಾಂ. ಈಗ ಇದಕ್ಕಿಂತ ಒಳ್ಳೆಯ ಔಷಧಿಗಳು ಬಂದಿವೆ. 6,800 ಜನರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಡಿಜಾಕ್ಸಿನ್ ಆಯಸ್ಸು ಹೆಚ್ಚಿಸಲಿಲ್ಲ, ಆದರೆ ಹೃದಯ ಸೋತು ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡಿತು. ಕೂತೇ ನಿದ್ದೆ ಮಾಡುವವರ ಮನೆಯವರಿಗೆ ಅದೇನು ಸಣ್ಣದಲ್ಲ.

ಇನ್ನು ಆ ರಜೆ. ಈ ಮದ್ದು ದೇಹದಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡದ ಮೂಲಕ, ಅದೂ ನಿಧಾನವಾಗಿ. ಅರ್ಧದಷ್ಟು ಇಳಿಯಲು ಒಂದೂವರೆಯಿಂದ ಎರಡು ದಿನ. ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ದಿನಾ ಕೊಟ್ಟರೆ ಮೈಯಲ್ಲಿ ಕೂಡುತ್ತಾ ಹೋದೀತು ಅಂತ ನಮ್ಮಲ್ಲಿ ಅನೇಕ ಡಾಕ್ಟರು ವಾರಕ್ಕೆ ಎರಡು ದಿನ ಬಿಡಿಸುತ್ತಾರೆ.

ಮಾತ್ರೆ ಕೊಡುವ ಮೊದಲು ನಾಡಿ ಎಣಿಸುವುದು ನನ್ನ ಕೆಲಸವಾಗಿತ್ತು. ಅಜ್ಜಿಯ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಗೋಡೆ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ. 60ಕ್ಕಿಂತ ಕಡಿಮೆ ಬಂದರೆ ಕೊಡಬೇಡ, ನನಗೆ ಫೋನ್ ಮಾಡು ಅಂತ ಡಾಕ್ಟರು ಹೇಳಿದ್ದರು. ಒಂದು ಮಂಗಳವಾರ ಅಜ್ಜಿ ಕಾಫಿ ಬೇಡ ಅಂದಳು. ವಾಸನೆಗೇ ವಾಕರಿಕೆ ಬರ್ತಿದೆ, ವಯಸ್ಸಾಯ್ತು ಬಿಡು ಅಂದಳು. ಎರಡು ದಿನದಿಂದ ಭೇದಿಯಾಗಿ ನಿತ್ರಾಣವಾಗಿದ್ದಳು. ಭೇದಿಯಾದರೆ ಪೊಟ್ಯಾಶಿಯಂ ಇಳಿಯುತ್ತದೆ, ಇಳಿದರೆ ಡಿಜಾಕ್ಸಿನ್ ಪಂಪನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ನಾಡಿ ಎಣಿಸಿದೆ. 48. ಮತ್ತೆ ಎಣಿಸಿದೆ. 48.

ಮಾತ್ರೆ ಡಬ್ಬಿಯಲ್ಲೇ ಉಳಿಯಿತು. ಅಪ್ಪ ಫೋನ್ ಮಾಡಿದರು, ಡಾಕ್ಟರು ತಕ್ಷಣ ಕರೆದುಕೊಂಡು ಬನ್ನಿ ಅಂದರು. ಮೂರು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ನಾಲ್ಕನೇ ದಿನ ಬೆಳಿಗ್ಗೆ ಮನೆಗೆ ಬಂದವಳು ಮಂಚದ ಮೇಲೆ ಕೂರುವ ಮೊದಲೇ ಅಮ್ಮನನ್ನು ಕರೆದು ಕಾಫಿ ಕೇಳಿದಳು.